ಮಡುವಿನ ಬಣ್ಣ

"ತಾತ, ಈಗ ಎಲ್ಲಾ ಕಡೆ ನಡೀತಿರೋ ಫ್ಯಾಷನ್ ನೋಡ್ಕೊಂಡೇ ವೆಬ್‌ಸೈಟ್ ಮಾಡ್ಬೇಕಾ? ಇಲ್ಲ, ನಂಗೆ ಸರಿ ಕಂಡಂಗೆ ಮಾಡ್ಲಾ?"

ಕೇಳಿದವಳು ಇಂಚರ. ಅಂಗಡಿಯೋರಿಗೆ ವೆಬ್‌ಸೈಟ್ ಮಾಡಿಕೊಡೋದು ಅವಳ ಕೆಲಸ. ಅಕ್ಷರ ಬರೆಯೋದು ಕಲೀಬೇಕು ಅಂತ ಭಾನುವಾರ ಭಾನುವಾರ ಪೇಂಟರ್ ಜವರಯ್ಯನ ಹತ್ರ ಬರ್ತಿದ್ಲು. ಜವರಯ್ಯ ಓದಿದ್ದು ಮೂರನೇ ಕ್ಲಾಸು. ಬರೆದ ಬೋರ್ಡುಗಳಿಗೆ ಲೆಕ್ಕ ಇಲ್ಲ.

"ಏನದು ಅಂಥಾ ಫ್ಯಾಷನ್ನು?" ಅಂದ.

"ಕೆಂಪು ಪಟ್ಟಿ ತಾತ. ಪೇಜು ತೆಗೆದ ತಕ್ಷಣ ಮೇಲ್ಗಡೆ ಹತ್ತಿ ಆರಿ ಹತ್ತಿ ಆರಿ ಆಗ್ಬೇಕು. 'ಎಚ್ಚರ, ಇವತ್ತೇ ಕೊನೆ' ಅಂತ. ಸೀರೆ ಅಂಗಡಿಯೋರಿಗೂ ಅದೇ ಬೇಕು, ಚಪ್ಪಲಿ ಅಂಗಡಿಯೋರಿಗೂ ಅದೇ ಬೇಕು. ನಾನು ಹಾಕ್ಲಿಲ್ಲ ಅಂದ್ರೆ ಇನ್ನೊಬ್ಬರ ಹತ್ರ ಹೋಗ್ತಾರೆ."

ಜವರಯ್ಯ ಬ್ರಷ್ಷನ್ನ ಸೀಮೆಎಣ್ಣೇಲಿ ಅದ್ದಿ ಒರೆಸ್ದ. "ನಾನು ಬರೆದ ಬೋರ್ಡು ಮೂವತ್ತು ವರ್ಷ ಬಿಸಿಲು ಕುಡಿದ್ರೂ ಒಂದಕ್ಷರ ಮಾಸಿಲ್ಲ. ಈ ಮಾತು ಹೇಳೋಕೆ ನನ್ನ ಬಿಟ್ರೆ ಇನ್ಯಾವನಿದ್ದಾನೆ? ಕೇಳು" ಅಂದು ಶುರು ಮಾಡ್ದ.

ಹೊಳೆ ದಂಡೇಲಿ ಒಂದು ಊರು. ಆ ಊರಲ್ಲಿ ಒಬ್ಬ ಪೇಂಟರು. ಹೊಳೇಲಿ ಒಂದು ಮಡು. ದಡದಿಂದ ನೋಡಿದ್ರೆ ನೀರು ಅಲ್ಲಾಡ್ತಾನೇ ಇರಲಿಲ್ಲ. ಇಳಿದೋರು ಮಾತ್ರ ಮೇಲಕ್ಕೆ ಬರ್ತಿರಲಿಲ್ಲ. ವರ್ಷಕ್ಕೆ ಇಬ್ಬರೋ ಮೂವರೋ ಹೋಗೋರು. ಒಂದು ವರ್ಷ ಹೋದೋನು ಪೇಂಟರ ಒಡಹುಟ್ಟಿದ ತಮ್ಮ.

ತಮ್ಮನ ತಿಥಿ ಮುಗೀತು. ಮಾರನೇ ದಿನ ಪೇಂಟರು ಏಣಿ ಹೊತ್ಕೊಂಡು ಹೊಳೆಗೆ ಹೋದ. ಆಳೆತ್ತರದ ತಗಡು ನಿಲ್ಲಿಸ್ದ. ಹಳದಿ ಬಳಿದ. ಅದರ ಮೇಲೆ ದಪ್ಪ ಕೆಂಪಕ್ಷರ, ಅಕ್ಷರದ ಸುತ್ತ ಕರೀ ಗೆರೆ. 'ಇಳೀಬೇಡಿ, ಸಾಯ್ತೀರಿ' ಅಂತ ಬರೆದ. ನಯವಾಗಿ ಸುತ್ತಿ ಬಳಸಿ ಏನೂ ಬರೀಲಿಲ್ಲ.

ಆಮೇಲೆ ಆ ಸುತ್ತಿನ ಪೇಂಟರುಗಳನ್ನೆಲ್ಲ ಕರೆಸಿ ಕೂರಿಸ್ದ. ಹಳದಿ, ಕೆಂಪು, ಕರೀ ಗೆರೆ, ಈ ಮೂರೂ ಒಟ್ಟಿಗೆ ಬರೋದು ಸಾವು ಇರೋ ಜಾಗಕ್ಕೆ ಮಾತ್ರ. ಮಡುವಿಗೆ, ಕಲ್ಲುಕೋರೆಗೆ, ಟ್ರಾನ್ಸ್‌ಫಾರ್ಮರಿಗೆ. ಯಾರು ಕಾಲು ಹಿಡಿದ್ರೂ ಅಂಗಡಿಗೆ ಬರೆಯಂಗಿಲ್ಲ ಅಂದ. ಎಲ್ಲರೂ ಬ್ರಷ್ ಮುಟ್ಟಿ ಆಣೆ ಮಾಡಿದ್ರು.

ಆ ಸೀಮೇಲಿ ಓದು ಬಾರದೋರೇ ಹೆಚ್ಚು. ಅವರು ಅಕ್ಷರ ಓದ್ತಿರಲಿಲ್ಲ, ಬಣ್ಣ ಓದ್ತಿದ್ರು. ದೂರದಿಂದ ಆ ಹಳದಿ ಕಂಡ್ರೆ ಸಾಕು, ಮಕ್ಕಳ ರಟ್ಟೆ ಹಿಡಿದು ಹಿಂದಕ್ಕೆ ಎಳ್ಕೊಳ್ಳೋರು. ಹನ್ನೊಂದು ವರ್ಷ ಮಡುವಿಂದ ಒಂದು ಹೆಣಾನೂ ಎತ್ತಲಿಲ್ಲ. ಪೇಂಟರು ಅದನ್ನ ಯಾರ ಹತ್ರಾನೂ ಹೇಳ್ಕೊಳ್ತಿರಲಿಲ್ಲ. ದಿನಾ ಸಾಯಂಕಾಲ ಹೋಗಿ ಬೋರ್ಡಿನ ಧೂಳು ಒರೆಸಿ ಬರೋನು, ಅಷ್ಟೇ.

ಹನ್ನೆರಡನೇ ವರ್ಷ ಒಬ್ಬ ಬಟ್ಟೆ ವ್ಯಾಪಾರಿ ಬಂದ.

"ನಿನ್ನ ಮಡೂ ಬೋರ್ಡು ನೋಡ್ದೆ ಕಣಯ್ಯ. ಬಸ್ಸಲ್ಲಿ ತೂಕಡಿಸ್ತಿದ್ದೋನು ಎದ್ದು ಕೂತೆ. ನನ್ನಂಗಡಿಗೂ ಅದನ್ನೇ ಬರಿ."

"ಅದು ಸಾವಿನ ಬಣ್ಣ ಸ್ವಾಮಿ."

"ಸತ್ತೋರೇನು ನೋಡ್ತಾರಾ ಅದನ್ನ? ಬದುಕಿರೋರಿಗೆ ತೋರ್ಸು, ನಾಲ್ಕು ಸೀರೆ ಹೋಗಲಿ."

ಪೇಂಟರು ಆಗಲ್ಲ ಅಂದ. ವ್ಯಾಪಾರಿ ದೂರದೂರಿಂದ ಇನ್ನೊಬ್ಬ ಪೇಂಟರನ್ನ ಕರ್ಕೊಂಡು ಬಂದ. ಅವನಿಗೆ ಆಣೆಯ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ರೂ ನಗೋನು ಅನ್ನು. ಬೋರ್ಡು ಎದ್ದು ನಿಂತಿತು. ಬೀದೀಲಿ ಹೋಗೋರೆಲ್ಲ ಬೆಚ್ಚಿ ನಿಂತು ನೋಡಿದ್ರು. ನೋಡಿದೋರು ಒಳಗೆ ಹೋದ್ರು.

ತಿಂಗಳು ಕಳೆಯೋದ್ರೊಳಗೆ ಪಾತ್ರೆ ಅಂಗಡಿ ಹಳದಿ ಆಯ್ತು. ಆಮೇಲೆ ಔಷಧಿ ಅಂಗಡಿ, ಟೀ ಅಂಗಡಿ. ಆಣೆ ಮಾಡಿದ್ದೋರು ಒಬ್ಬೊಬ್ಬರೇ ಜಾರಿದ್ರು. ಬೇರೆ ಬಣ್ಣದಲ್ಲಿ ಬರೆದ್ರೆ ಗಿರಾಕಿಗಳು ಮೂಗು ಮುರಿಯೋರು. "ಏನಯ್ಯ ಇದು, ನಮ್ಮಜ್ಜನ ಕಾಲದ್ದು?" ಅನ್ನೋರು.

ಪೇಂಟರು ಒಂದು ವರ್ಷ ತಡೆದ. ಅವನ ಬ್ರಷ್ಷು ಒಣಗಿ ಪೊರಕೆ ಕಡ್ಡಿ ಆಯ್ತು. "ಹೊಳೆಗೆ ಬೋರ್ಡು ಬರ್ಕೊಂಡಿರಪ್ಪ, ಮೀನುಗಳು ಓದ್ಲಿ" ಅಂತ ಆಡ್ಕೊಂಡ್ರು. ಅದನ್ನೂ ತಡೆದ. ತಡೆಯೋಕಾಗದೇ ಇದ್ದಿದ್ದು ಇನ್ನೊಂದು. ಬೀದೀಲಿ ನಡೆದು ಹೋಗ್ತಾ ಆ ಬೋರ್ಡುಗಳನ್ನ ನೋಡೋನು. ಕೆಂಪು ಸರಿಯಾಗಿ ಕೂತಿಲ್ಲ. ಕರೀ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಥೂ, ನಂದನ್ನ ಕೆಡಿಸಿಬಿಟ್ರಲ್ಲ ಅಂತ ಹೊಟ್ಟೆ ಉರೀತಿತ್ತು.

ಇದೊಂದು ಕಾಯಿಲೆ ಮಗಾ, ಕೈ ಚೆನ್ನಾಗಿರೋನಿಗೆ ಬರೋ ಕಾಯಿಲೆ. ನಂಗೂ ಇದೆ.

ಕೊನೆಗೆ ಮಿಠಾಯಿ ಅಂಗಡಿಯೋನು ಬಂದು ಕೇಳ್ದ. ಊರೆಲ್ಲ ಹಳದಿ ಆದ ಮೇಲೆ ನಂದೊಂದು ಬೋರ್ಡಿಂದ ಏನಾಗುತ್ತೆ ಅನ್ಕೊಂಡ ಪೇಂಟರು. ಬರೆದ. ಎಲ್ಲರಿಗಿಂತ ಚೆನ್ನಾಗಿ ಬರೆದ. ಜನ ಗುಂಪು ಕಟ್ಟಿ ನೋಡಿದ್ರು. ಅವತ್ತು ಅವನು ಹೊಳೆ ಕಡೆ ಹೋಗ್ಲಿಲ್ಲ.

ಬೇಸಿಗೇಲಿ ಅದೇ ಸೀಮೆಯ ಬೇರೆ ಊರಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಮದುವೆ ಗೊತ್ತಾಗಿದ್ದ ಮಗಳು. ಮಧ್ಯಾಹ್ನದ ಹೊತ್ತಿಗೆ ಹೊಳೆ ಕಡೆಯಿಂದ ಕೂಗು ಕೇಳ್ತು. ಪೇಂಟರು ಓಡಿದ. ಗಂಡನ್ನೂ ಮಗಳನ್ನೂ ಎತ್ತಿ ಮರಳ ಮೇಲೆ ಮಲಗಿಸಿದ್ರು. ಇಬ್ಬರಲ್ಲೂ ಉಸಿರಿರಲಿಲ್ಲ. ಹೆಂಗಸು ಪಕ್ಕದಲ್ಲಿ ಕೂತು ಮಗಳ ಸೆರಗಿನ ನೀರು ಹಿಂಡ್ತಿದ್ಲು.

"ತಾಯಿ, ಅಷ್ಟು ದೊಡ್ಡ ಬೋರ್ಡು ಕಣ್ಣಿಗೆ ಬೀಳ್ಲಿಲ್ವಾ?" ಅಂದ ಪೇಂಟರು.

"ಬಿತ್ತಣ್ಣ" ಅಂದ್ಲು ಆಕೆ. "ನಮ್ಮಲ್ಲಿ ಯಾರಿಗೂ ಓದು ಬರಲ್ಲ. ಪ್ಯಾಟೇಲಿ ಮಿಠಾಯಿ ಅಂಗಡಿ ಮುಂದೆ ಇದ್ಯಲ್ಲ, ಅಂಥದ್ದೇ ಅನ್ಕೊಂಡೆ. ಬೋರ್ಡಿದ್ದ ಕಡೆ ಅಂಗಡಿ ಇರುತ್ತೆ, ಅಂಗಡಿ ಇದ್ರೆ ಜನ ಇರ್ತಾರೆ, ಭಯ ಇಲ್ಲ ಅಂತ ನಾನೇ ಅವರನ್ನ ಅಲ್ಲಿಗೆ ಸ್ನಾನಕ್ಕೆ ಕಳ್ಸಿದ್ದು."

ಪೇಂಟರು ಹೋಗಿ ಬೋರ್ಡಿನ ಕಂಬ ಹಿಡ್ಕೊಂಡ.

ಮಾರನೇ ದಿನ ಬೋರ್ಡು ಅಳಿಸಿ ಹೊಸದಾಗಿ ಬರೆಯೋಕೆ ಕೂತ. ಯಾವ ಬಣ್ಣದಲ್ಲಿ ಬರೀತಾನೆ? ಪೂರ್ತಿ ಕಪ್ಪು ಬಳಿದು ಬಿಳಿ ಅಕ್ಷರ ಬರೆದ. ಜನ ನಿಂತು ನೋಡಿದ್ರು. ಎರಡು ತಿಂಗಳಿಗೆ ಗಡಿಯಾರದ ಅಂಗಡಿಯೋನು ಕರೀ ಬೋರ್ಡು ಹಾಕ್ಸಿದ. ಆಮೇಲೆ ಅವನ ಪಕ್ಕದೋನು. ಪೇಂಟರು ಮಡುವಿಗೆ ಹಸಿರು ಬಳಿದ. ಬೀದಿ ಹಸಿರಾಯ್ತು. ಏನು ಬರೆದ್ರೂ ಅದರ ಬೆನ್ನ ಹಿಂದೆ ಒಬ್ಬ ವ್ಯಾಪಾರಿ ನಿಂತಿರೋನು. ಅಷ್ಟರಲ್ಲಿ ಮಡು ಇನ್ನೊಬ್ಬನ್ನ ನುಂಗಿತ್ತು.

ಪೇಂಟರು ಬಣ್ಣದ ಡಬ್ಬಾನೆಲ್ಲ ನೆಲಕ್ಕೆ ಸುರಿದ. ಹೊಳೆ ಮೆಟ್ಟಿಲ ಮೇಲೆ ಹೋಗಿ ಕೂತ. ಯಾರು ಬಂದ್ರೂ ಎದ್ದು ನಿಂತು ಕೈ ಬೀಸಿ ಕೂಗೋನು. "ಇಳೀಬೇಡಿ! ಸಾಯ್ತೀರಿ! ಇಳೀಬೇಡಿ!"

ದಾರೀಲಿ ಹೋಗ್ತಿದ್ದೋನೊಬ್ಬ ನಿಂತ. ಕೂಗೋನನ್ನ ಮೇಲಿಂದ ಕೆಳಗೆ ನೋಡ್ದ. ಆಮೇಲೆ ಜೇಬಿಗೆ ಕೈ ಹಾಕಿ ಕೇಳ್ದ, "ಏನು ಮಾರ್ತಿದ್ದೀಯಪ್ಪ?"

ಜವರಯ್ಯ ಅಲ್ಲಿಗೆ ನಿಲ್ಲಿಸ್ದ.

ಇಂಚರ ಕೇಳಿದ್ಲು. "ಹಂಗಾದ್ರೆ ಬೇಡ ಅಂತೀರಾ ತಾತ? ನಾನೊಬ್ಬಳು ಬಿಟ್ರೆ ಏನು ನಿಲ್ಲುತ್ತೆ? ಎಲ್ಲರೂ ಮಾಡ್ತಾನೇ ಇದ್ದಾರಲ್ಲ."

"ಮಾಡು ಮಗಾ, ನಾನು ಬೇಡ ಅನ್ನಲ್ಲ; ನಿಜವಾಗ್ಲೂ ಸಾವು ಬಂದು ನಿಂತ ದಿನ ಅದನ್ನ ಹೇಳೋಕೆ ನಿನ್ನ ಹತ್ರ ಏನು ಉಳಿದಿರುತ್ತೆ, ಅದೊಂದನ್ನ ನಂಗೆ ಹೇಳಿ ಮಾಡು."