ಕುಡುಕ ಕಲ್ಲುಗಳ ಗುಡ್ಡ

ಇಟಲಿಯ ಪಿಯೆಮೊಂಟೆ ಸೀಮೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಒಂದು ಸಣ್ಣ ಗುಡ್ಡವಿದೆ. ಅದರ ನೆತ್ತಿಯ ಮೇಲೆ ಕೋಟೆಯಿಲ್ಲ, ಇಗರ್ಜಿಯಿಲ್ಲ. ಇರುವುದು ಒಂದು ಕಲ್ಲುಗುಪ್ಪೆ ಮಾತ್ರ. ಕಲ್ಲುಗಳೆಲ್ಲ ಒಣಗಿದ ನೇರಳೆ ಹಣ್ಣಿನ ಬಣ್ಣದವು. ಊರವರು ಇದನ್ನು ಕುಡುಕ ಕಲ್ಲುಗಳ ಗುಡ್ಡ ಎನ್ನುತ್ತಾರೆ. ಬುಡದಲ್ಲಿ ತಲೆಮಾರುಗಳಿಂದ ವೈನು ಮಾಡಿಕೊಂಡು ಬಂದ ಮನೆಯೊಂದಿದೆ. ಹೆಸರು ಕೇಳಿ ನಗುವವರನ್ನು ಆ ಮನೆಯವರು ತಡೆಯುವುದಿಲ್ಲ. ಮೊದಲು ನಕ್ಕು ಮುಗಿಸಲಿ, ಆಮೇಲೆ ಕಥೆ ಕೇಳಲಿ ಎಂದು ಸುಮ್ಮನಿರುತ್ತಾರೆ.

ಹಿಂದೆ ಒಮ್ಮೆ ಆ ಮನೆಗೆ ಒಬೆರ್ತೊ ಎಂಬವನು ಯಜಮಾನನಾಗಿದ್ದ. ಹೆಂಡತಿ ತೀರಿಹೋಗಿದ್ದಳು, ಆಲ್ದಾ ಒಬ್ಬಳೇ ಮಗಳು. ಹೆಣ್ಣು ಹುಟ್ಟಿದ ವರ್ಷದ ವೈನನ್ನು ಒಂದು ಪೀಪಾಯಿಯಲ್ಲಿ ತುಂಬಿಟ್ಟು, ಅವಳ ಮದುವೆಯ ದಿನವೇ ತೆರೆಯುವುದು ಅಲ್ಲಿನ ರೂಢಿ. ಅಲ್ಲಿಯವರೆಗೆ ಆ ಹುಡುಗಿ ಅದರ ಹತ್ತಿರ ಸುಳಿಯುವಂತಿಲ್ಲ. ಆದರೆ ಮರದ ಪೀಪಾಯಿ ತಾನೂ ಗುಟುಕು ಗುಟುಕಾಗಿ ಕುಡಿಯುವ ಜಾತಿಯದು. ವೈನು ಇಳಿದ ಜಾಗಕ್ಕೆ ಗಾಳಿ ಹೊಕ್ಕರೆ ಎಲ್ಲ ಹುಳಿಯಾಗುತ್ತದೆ. ಅದಕ್ಕಾಗಿ ಆಗಾಗ ಬಿರಡೆ ತೆಗೆದು ಕಂಠಮಟ್ಟ ತುಂಬಿಸಬೇಕು. ಆಲ್ದಾಳ ಮದುವೆ ಹತ್ತಿರವಾಗುತ್ತಿದ್ದಂತೆ ವರ್ಷವರ್ಷವೂ ಆಲಿಕಲ್ಲು ಸುರಿದು ಒಬೆರ್ತೊನ ತೋಟ ನೆಲಕಚ್ಚಿತು. ತುಂಬಿಸಲು ಮನೆಯಲ್ಲಿ ತೊಟ್ಟು ವೈನೂ ಉಳಿಯಲಿಲ್ಲ. ಹೊಳೆದಂಡೆಯಲ್ಲಿ ತೋಟವಿದ್ದ ನೆರೆಯ ತೆರೇಸಿಯೊ ಒಂದು ಹೂಜಿ ಹಿಡಿದು ಬಂದ. "ತಗೊಳ್ಳಿ, ಹುಡುಗಿ ನನ್ನ ಕಣ್ಣೆದುರೇ ಬೆಳೆದವಳು" ಎಂದ. "ನನ್ನ ಮಗಳ ಪೀಪಾಯಿಗೆ ನಿನ್ನ ಹೊಳೆದಂಡೆಯ ವೈನು ಒಂದು ಹನಿಯೂ ಬೀಳಕೂಡದು" ಎಂದುಬಿಟ್ಟ ಒಬೆರ್ತೊ. ಆ ಜಂಬಕ್ಕೆ ಏನು ಹೇಳೋಣ! ಕೊನೆಗೆ ಅವನು ಗುಡ್ಡದ ಗಟ್ಟಿ ಕಲ್ಲುಗಳನ್ನು ಆಯ್ದು, ಕುದಿನೀರಿನಲ್ಲಿ ತೊಳೆದು, ಒಂದೊಂದಾಗಿ ಪೀಪಾಯಿಗೆ ಇಳಿಬಿಟ್ಟ. ಕಲ್ಲು ಮುಳುಗಿದಂತೆ ವೈನು ಮೇಲೇರಿತು. ಊರೆಲ್ಲ ನಕ್ಕಿತು.

ಮದುವೆಗೆ ಮುಂಚಿನ ಚಳಿಗಾಲದಲ್ಲಿ ಒಬೆರ್ತೊ ಜ್ವರದಿಂದ ಹಾಸಿಗೆ ಹಿಡಿದ. ಮಗಳು ಪೀಪಾಯಿ ಇದ್ದ ನೆಲಮಾಳಿಗೆಗೆ ಇಳಿಯುವಂತಿಲ್ಲ, ತಾನು ಏಳುವಂತಿಲ್ಲ. ಪೀಪಾಯಿ ಹಾಳಾಯಿತೆಂದು ಮುದುಕ ಗೋಡೆಗೆ ಮುಖ ಮಾಡಿ ಅತ್ತನಂತೆ. ವಸಂತದಲ್ಲಿ ಗೋಡೆ ಹಿಡಿದು ಇಳಿದು ಬಿರಡೆ ಎಳೆದರೆ, ವೈನು ಕಂಠಮಟ್ಟ ನಿಂತಿದೆ! ಸತ್ತ ಹೆಂಡತಿಯೇ ಬಂದು ಪೀಪಾಯಿಯನ್ನು ಕಾಪಾಡಿದಳೆಂದು ನಂಬಿ ಮೊಣಕಾಲೂರಿದ. ಮದುವೆಯ ದಿನ ಎಲ್ಲರೂ ಕುಡಿದು ತಲೆದೂಗಿದರು. ಪೀಪಾಯಿ ಬರಿದಾಗಿ, ಅದರ ಮುಚ್ಚಳ ಬಿಚ್ಚಿ ಬೋರಲು ಹಾಕಿದಾಗ ಕಲ್ಲುಗಳು ಅಂಗಳದಲ್ಲಿ ಉರುಳಿದವು. ಗುಡ್ಡದ ಕಲ್ಲಿಗೆ ಮೂಲೆಗಳಿರುತ್ತವೆ. ಇವುಗಳಲ್ಲಿ ಅನೇಕವು ನುಣ್ಣಗೆ, ದುಂಡಗಿದ್ದವು. ಹೊಳೆಯ ಕಲ್ಲುಗಳು. ಒಬೆರ್ತೊ ತಲೆಯೆತ್ತಿ ನೆರೆಯವನನ್ನು ನೋಡಿದ. ತೆರೇಸಿಯೊ ಕಿವಿ ಕೆರೆದುಕೊಂಡ. "ವೈನು ಬೇಡ ಅಂದಿರಿ. ಕಲ್ಲು ಬೇಡ ಅಂದಿರಲಿಲ್ಲವಲ್ಲ." ಒಬೆರ್ತೊ ತನ್ನ ಲೋಟವನ್ನು ಚಾಚಿ, "ನಿನ್ನ ಹೂಜಿ ಇದೆಯೇನೋ?" ಎಂದ.

ಆ ಕಲ್ಲುಗಳನ್ನೇ ಮದುವೆಗೆ ಬಂದವರು ಹೊತ್ತು ಗುಡ್ಡದ ಮೇಲೆ ಒಟ್ಟಿದರಂತೆ. ಈಗ ಆ ಮನೆಯಲ್ಲಿ ವೈನಿಗೆ ಬರವಿಲ್ಲ. ಆದರೂ ಹೆಣ್ಣು ಹುಟ್ಟಿದಾಗ ಅವಳ ಪೀಪಾಯಿಗೆ ತಂದೆ ಗುಡ್ಡದ ಒಂದು ಕಲ್ಲು ಹಾಕುತ್ತಾನೆ, ನೆರೆಯವರು ಹೊಳೆಯ ಒಂದು ಕಲ್ಲು ಹಾಕುತ್ತಾರೆ. ಮದುವೆಯ ಮರುದಿನ ಎರಡೂ ಕಲ್ಲುಗಳು ಮೇಲಿನ ಗುಪ್ಪೆಗೆ ಸೇರುತ್ತವೆ. ಯಾವುದು ಯಾರದೆಂದು ನೋಡಲು ಬಗ್ಗುವ ಪ್ರವಾಸಿಗರಿಗೆ ಮನೆಯ ಅಜ್ಜಿ ಕೆಳಗಿನಿಂದಲೇ ಕೂಗಿ ಹೇಳುತ್ತಾಳೆ: "ಬಣ್ಣ ನೋಡಿದರೆ ತಿಳಿಯೋದಿಲ್ಲ. ಕೈಗೆ ತಗೊಳ್ಳಿ."