ಅಜ್ಜಿಯ ಉದ್ದ ಬಾಲದ ಇ

ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಅಳು ಬರೋ ಕತೆ, ಮೊದಲೇ ಹೇಳಿಬಿಡ್ತೀನಿ. ಆಮೇಲೆ ನನ್ನ ಬೈಯಬಾರದು.

ಇಳಾ ಅಂತ ಒಬ್ಬ ಹುಡುಗಿ. ಅವಳಿಗೆ ಐದು ವರ್ಷ. ಅವಳಿಗೊಬ್ಬಳು ಅಜ್ಜಿ ಇದ್ದಳು. ಅಜ್ಜಿ ತಟ್ಟೆಯಲ್ಲಿ ಅಕ್ಕಿ ಹರಡುತ್ತಿದ್ದಳು. ಇಳಾಳ ಬೆರಳು ಹಿಡಿದು 'ಇ' ಬರೆಸುತ್ತಿದ್ದಳು. ಅಜ್ಜಿಯ 'ಇ'ಗೆ ಉದ್ದ ಬಾಲ. ಬಾಲ ತಟ್ಟೆಯ ಅಂಚು ದಾಟುತ್ತಿತ್ತು. ನಾಲ್ಕು ಕಾಳು ಅಕ್ಕಿ ಕೆಳಗೆ ಚೆಲ್ಲುತ್ತಿತ್ತು. "ಅಯ್ಯೋ, ಆರಿಸೇ, ಆರಿಸೇ!" ಅಂತ ಅಜ್ಜಿ ನಗುತ್ತಿದ್ದಳು.

ಆ ಅಜ್ಜಿ ತೀರಿಕೊಂಡಳು.

ಇಳಾಳ ಅಮ್ಮ ಮೊಬೈಲಿಗೆ ಒಂದು ಆಪ್ ಮಾಡತೊಡಗಿದಳು. ಅದರಲ್ಲಿ ಅಜ್ಜಿ ಬರೆದ ಹಾಗೇ ಅಕ್ಷರ ಮೂಡಬೇಕು. ಅ ಮೂಡಿತು. ಆ ಮೂಡಿತು. ಇ ಮೂಡಲಿಲ್ಲ! ಇ ಇರಬೇಕಾದ ಕಡೆ ಒಂದು ಖಾಲಿ ಚೌಕ.

ಇಳಾ ಅತ್ತಳು. ಅಳುತ್ತಾ ಮೊಬೈಲಿನ ಪರದೆಯನ್ನು ಕೇಳಿದಳು.

"ಪರದೆ ಪರದೆ, ನನ್ನ ಇ ತೋರಿಸು."

"ತೋರಿಸಲ್ಲ," ಅಂತು ಪರದೆ. "ಕುಂಚ ಬರೆದರೆ ತಾನೇ ನಾನು ತೋರಿಸೋದು?"

ಕುಂಚ ಆಪಿನ ಒಳಗಿತ್ತು. ಇಳಾ ಕುಂಚವನ್ನು ಕೇಳಿದಳು.

"ಕುಂಚ ಕುಂಚ, ಇ ಬರಿ. ಪರದೆ ತೋರಿಸಲ್ಲ, ನನ್ನ ಇ ಸಿಗಲ್ಲ."

"ಬರೆಯಲ್ಲ," ಅಂತು ಕುಂಚ. "ಕಂಪೈಲರ್ ಮಾಮ ಬಿಟ್ಟರೆ ತಾನೇ ನಾನು ಬರೆಯೋದು?"

ಕಂಪೈಲರ್ ಮಾಮ ಯಾರು ಗೊತ್ತಾ? ಅಮ್ಮ ಬರೆದ ಒಂದೊಂದು ಸಾಲನ್ನೂ ಓದೋನು. ತಪ್ಪು ಕಂಡರೆ ದಢಾರನೆ ಬಾಗಿಲು ಹಾಕೋನು. ಮಹಾ ಸಿಡುಕ.

"ಮಾಮ ಮಾಮ, ಬಾಗಿಲು ತೆಗೆದು ಬಿಡು. ಕುಂಚ ಬರೆಯಲ್ಲ, ಪರದೆ ತೋರಿಸಲ್ಲ, ನನ್ನ ಇ ಸಿಗಲ್ಲ."

"ಬಿಡಲ್ಲ!" ಅಂದ ಮಾಮ. "ಏಳನೇ ಸಾಲಿನಲ್ಲಿ ತಪ್ಪಿದೆ. ಅದು ಸರಿಹೋಗಲಿ, ಆಮೇಲೆ ಬಾ."

ಇಳಾ ಮೂಗು ಒರೆಸಿಕೊಂಡಳು. ಏಳನೇ ಸಾಲಿನ ಹತ್ತಿರ ಹೋದಳು.

"ಸಾಲೇ ಸಾಲೇ, ಸರಿಹೋಗು. ಮಾಮ ಬಿಡಲ್ಲ, ಕುಂಚ ಬರೆಯಲ್ಲ, ಪರದೆ ತೋರಿಸಲ್ಲ, ನನ್ನ ಇ ಸಿಗಲ್ಲ."

"ಹೇಗೆ ಸರಿಹೋಗಲಿ?" ಅಂತು ಸಾಲು. "ಇ ಅಕ್ಷರದ ಬಾಲದ ಅಳತೆ ನನಗೆ ಗೊತ್ತಿಲ್ಲ. ನಿಮ್ಮಮ್ಮನಿಗೆ ಅ, ಆ ನೆನಪಿತ್ತು; ಬಾಲದ ಅಳತೆ ನೆನಪಿಲ್ಲದೆ ಆ ಜಾಗ ಖಾಲಿ ಬಿಟ್ಟಿದ್ದಾಳೆ. ಅಳತೆ ಅಜ್ಜಿಯ ಕಾಪಿ ಪುಸ್ತಕದಲ್ಲಿದೆ. ಪುಸ್ತಕ ಟ್ರಂಕಿನಲ್ಲಿದೆ."

"ಟ್ರಂಕೇ ಟ್ರಂಕೇ, ಬಾಯಿ ತೆರಿ. ಸಾಲು ಸರಿಹೋಗಲ್ಲ, ಮಾಮ ಬಿಡಲ್ಲ, ಕುಂಚ ಬರೆಯಲ್ಲ, ಪರದೆ ತೋರಿಸಲ್ಲ, ನನ್ನ ಇ ಸಿಗಲ್ಲ."

"ತೆರೆಯಲ್ಲ," ಅಂತು ಟ್ರಂಕು. "ನಿಮ್ಮ ತಾತ ಬೀಗ ಹಾಕಿದ್ದಾನೆ. ಬೀಗದ ಕೈ ಅವನ ಉಡಿದಾರದಲ್ಲಿದೆ. ಕೇಳೋಕೆ ನಿಮ್ಮಮ್ಮನಿಗೂ ಬಾಯಿ ಬರಲಿಲ್ಲ."

ತಾತ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಅಜ್ಜಿ ಹೋದಮೇಲೆ ಅವನು ಹಾಗೇ ಕೂತಿರುತ್ತಿದ್ದ, ಪಾಪ.

"ತಾತ ತಾತ, ಬೀಗದ ಕೈ ಕೊಡು. ಟ್ರಂಕು ತೆರೆಯಲ್ಲ, ಸಾಲು ಸರಿಹೋಗಲ್ಲ, ಮಾಮ ಬಿಡಲ್ಲ, ಕುಂಚ ಬರೆಯಲ್ಲ, ಪರದೆ ತೋರಿಸಲ್ಲ, ನನ್ನ ಇ ಸಿಗಲ್ಲ."

"ಕೊಡಲ್ಲ ಕಣೇ," ಅಂದ ತಾತ. "ಅವಳ ಅಕ್ಷರ ಕಂಡರೆ ನಂಗೆ ಅಳು ಬರುತ್ತೆ."

"ಕಾಣದಿದ್ದರೆ ನಂಗೆ ಅಳು ಬರುತ್ತೆ," ಅಂದಳು ಇಳಾ.

ತಾತ ತಿರುಗಿ ನೋಡಿದ. ಮಗುವಿನ ಕೆನ್ನೆಯೆಲ್ಲ ಒದ್ದೆ. ಅವನ ಕೆನ್ನೆಯೂ ಒದ್ದೆ.

"ಹಾಗಾದರೆ ನೋಡ್ಕೊಂಡೇ ಅಳೋಣ ಬಾ," ಅಂದ ತಾತ.

ತಾತ ಬೀಗದ ಕೈ ಕೊಟ್ಟ. ಟ್ರಂಕು ಬಾಯಿ ತೆರೆಯಿತು. ಅಮ್ಮ ಓಡಿಬಂದು ಪುಸ್ತಕ ಬಿಡಿಸಿದಳು, ಸ್ಕೇಲು ಇಟ್ಟು ಬಾಲ ಅಳೆದಳು. ಸಾಲು ಸರಿಹೋಯಿತು. ಮಾಮ ಬಾಗಿಲು ತೆಗೆದು ಬಿಟ್ಟ. ಕುಂಚ ಬರೆಯಿತು. ಪರದೆ ತೋರಿಸಿತು. ಇಳಾಳಿಗೆ ಇ ಸಿಕ್ಕಿತು! ಅದೇ ಹೊಟ್ಟೆ, ಅದೇ ಉದ್ದ ಬಾಲ.

ಇಳಾ ಅದರ ಮೇಲೆ ಬೆರಳು ಆಡಿಸಿದಳು. ಪರದೆ ತಣ್ಣಗಿತ್ತು.

"ತಾತ, ಇನ್ನು ಅಜ್ಜಿನೂ ಬರ್ತಾಳಾ?"

"ಇಲ್ಲ ಮಗಳೇ. ಅಜ್ಜಿ ಬರಲ್ಲ."

ಇಬ್ಬರೂ ತುಂಬ ಹೊತ್ತು ಅತ್ತರು. ಆಮೇಲೆ ತಾತ ಎದ್ದ. ಅಡುಗೆಮನೆಗೆ ಹೋದ. ತಟ್ಟೆ ತಂದ, ಅಕ್ಕಿ ಹರಡಿದ. ಇಳಾಳ ಬೆರಳು ಹಿಡಿದು ಇ ಬರೆಸಿದ. ಬಾಲ ಎಳೆದ, ಎಳೆದ, ತಟ್ಟೆಯ ಅಂಚು ದಾಟಿಸಿದ.

ನಾಲ್ಕು ಕಾಳು ಅಕ್ಕಿ ಕೆಳಗೆ ಚೆಲ್ಲಿತು.

"ಅಯ್ಯೋ, ಆರಿಸೇ, ಆರಿಸೇ," ಅಂದ ತಾತ.

ಇಳಾ ಒಂದೊಂದೇ ಕಾಳು ಆರಿಸಿದಳು.