ಆಟದ ಊರಿನ ದೊಡ್ಡ ಒಲೆ

“ನಮ್ಮ ಬಚ್ಚಲಮನೆಯ ಹಂಡೆಗಳು ತಾತನ ಕಾಲದಿಂದ ಆರಿಲ್ಲ. ಯಾವ ದೊರೆಗಿದೆ ಈ ವೈಭವ?” ಎಂದು ಕೊಂಬಸಾಗರದ ದೊರೆ ಬೊಮ್ಮರಸ ತುಂಬಿದ ಸಭೆಯಲ್ಲಿ ಜಂಬ ಕೊಚ್ಚಿಕೊಂಡ. ಮಾತು ಮುಗಿಯುವುದರೊಳಗೆ ಕೆಮ್ಮು ಬಂತು.

ದೊರೆ ಮೀಯುತ್ತಿದ್ದದ್ದು ವಾರಕ್ಕೊಮ್ಮೆ, ಶನಿವಾರ. ಆದರೂ ಹಂಡೆಗಳು ಹಗಲಿರುಳು ಬಾಯಿ ತೆರೆದು ಕುದಿಯುತ್ತಲೇ ಇರಬೇಕು. ಮೇಲೇಳುವ ಆವಿ ಊರಿಗೆ ಕಾಣದಿದ್ದರೆ ಅರಮನೆಯ ಮರ್ಯಾದೆ ಏನಾಗಬೇಕು?

ಊರಲ್ಲಿ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕಪ್ಪಾಗುತ್ತಿತ್ತು. ಸೆಕೆಗೆ ಜನ ಬೇಯುತ್ತಿದ್ದರು. ಇದಕ್ಕೆಂದೇ ದೊರೆ ಹೊಗೆಗೊಬ್ಬ ಮಂತ್ರಿ, ಸೆಕೆಗೊಬ್ಬ ಮಂತ್ರಿಯನ್ನು ಇಟ್ಟುಕೊಂಡಿದ್ದ. ಹಾವು ಮುಂಗುಸಿಯಂತಿದ್ದ ಈ ಮಹಾನುಭಾವರು ಒಂದೇ ಒಂದು ಮಾತಿಗೆ ಒಟ್ಟಾದರು: ತಪ್ಪೆಲ್ಲ ಕುಂಬಾರರದು.

“ಹುಣ್ಣಿಮೆಯೊಳಗೆ ಕುಂಬಾರರು ಊರು ಬಿಡಲಿ,” ಎಂದು ದೊರೆ ಅಪ್ಪಣೆ ಕೊಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಅಂದರೆ ಇದೇ.

ಅಂದು ಸಂಜೆ ಕುಂಬಾರಗೇರಿಯ ಚೌಡವ್ವ ಆಸ್ಥಾನದ ವಿದೂಷಕ ಕೆಂಚಯ್ಯನ ಜಗಲಿಗೆ ಬಂದು ಕೂತಳು.

“ನಮ್ ಆವಿಗೆ ಗೂಡು ಉರಿಯೋದು ತಿಂಗಳಿಗೊಂದು ಸಲ, ಕೆಂಚಣ್ಣ. ಮಡಕೆ ಸುಟ್ಟರೆ ಊರೇ ಬಿಡಬೇಕಾ? ಈ ಕೆರೆ ಮಣ್ಣು ಬಿಟ್ಟು ನಾವೆಲ್ಲಿಗೆ ಹೋಗಾನ?”

ಕೆಂಚಯ್ಯ ಆಡಿ ಬೆಳೆದದ್ದು ಅದೇ ಕೇರಿಯಲ್ಲಿ. ಆದರೆ ದೊರೆಯ ಮುಂದೆ ಸಂಕಟ ಹೇಳಿಕೊಂಡರೆ ಕೆಲಸ ಆಗುವುದಿಲ್ಲ, ನಗಿಸಿದರೆ ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಅಳಬೇಡ ಚೌಡವ್ವ. ನಮ್ಮೂರಿನ ಹಾಗೇ ನನಗೊಂದು ಮಣ್ಣಿನ ಆಟದ ಊರು ಮಾಡಿಕೊಡು. ಎಲ್ಲಿ ಎಷ್ಟು ಸೌದೆ ಹೋಗುತ್ತೋ ಅಲ್ಲಿ ಅಷ್ಟು ದೊಡ್ಡ ಒಲೆ ಇಡು.”

ಮರುದಿನ ಸಭೆಯಲ್ಲಿ ಮಂತ್ರಿಗಳ ಉಪಾಯಗಳು ಹೊರಬಂದವು. ಸೆಕೆಯ ಮಂತ್ರಿ ಬೀದಿಗಳಿಗೆಲ್ಲ ಚಪ್ಪರ ಹಾಕಿಸುತ್ತಾನಂತೆ. ಹೊಗೆಯ ಮಂತ್ರಿ ಊರ ನಡುವೆ ದೊಡ್ಡ ಬೆಂಕಿ ಹಾಕಿಸಿ, ಅದರ ಝಳದಿಂದ ಹೊಗೆಯನ್ನೆಲ್ಲ ಮುಗಿಲಿಗೆ ಅಟ್ಟುತ್ತಾನಂತೆ. ಇಬ್ಬರೂ ಕೇಳಿದ್ದು ಅರ್ಧರ್ಧ ಬೊಕ್ಕಸ.

ಕೆಂಚಯ್ಯ ಮಣ್ಣಿನ ಊರನ್ನು ತಂದು ದೊರೆಯ ಕಾಲ ಬಳಿ ಇಟ್ಟ. “ಮೊದಲು ಇಲ್ಲಿ ಮಾಡಿ ನೋಡೋಣ, ಸ್ವಾಮಿ. ಸೋಲೋದಿದ್ದರೆ ಅಗ್ಗದಲ್ಲೇ ಸೋಲಲಿ.”

ದೊರೆಗೆ ಆಟವೆಂದರೆ ಇಷ್ಟ. ಒಲೆಗಳು ಹೊತ್ತಿಕೊಂಡವು. ಸೆಕೆಯ ಮಂತ್ರಿ ಬಾಳೆಲೆಯ ಚಪ್ಪರ ಹೊದಿಸಿದ. ಅಡಿಯಲ್ಲಿ ಸಿಕ್ಕಿಕೊಂಡ ಹೊಗೆ ಬದಿಯಿಂದ ನುಗ್ಗಿ ದೊರೆಯ ಮೂಗಿಗೇ ಬಂತು. ಚಪ್ಪರ ತೆಗೆಸಿ ಹೊಗೆಯ ಮಂತ್ರಿ ನಡುವೆ ಬೆಂಕಿ ಹಾಕಿದ. ದೊರೆಯ ಹಣೆಯ ಗಂಧ ಬೆವರಿಗೆ ಕರಗಿ ಮೀಸೆಗಿಳಿಯಿತು.

“ಇವನ ಮದ್ದು ಅವನ ರೋಗ ಹೆಚ್ಚಿಸುತ್ತೆ, ಅವನ ಮದ್ದು ಇವನ ರೋಗ ಹೆಚ್ಚಿಸುತ್ತೆ,” ಎಂದ ಕೆಂಚಯ್ಯ. “ಹೊಗೆಗೂ ಸೆಕೆಗೂ ತಾಯಿ ಒಬ್ಬಳೇ, ಸ್ವಾಮಿ. ಒಲೆ.”

“ಹಾಗಾದರೆ ಯಾವ ಒಲೆ ಅಂತ ತೋರಿಸು. ಅದರ ಯಜಮಾನ ಯಾರೇ ಆಗಲಿ, ಹುಣ್ಣಿಮೆಯೊಳಗೆ ಊರು ಬಿಡಬೇಕು. ಇದು ನನ್ನ ಮಾತು.”

“ಯಾರೇ ಆಗಲಿ?”

“ಯಾರೇ ಆಗಲಿ ಅಂದೆನಲ್ಲ.”

ಕೆಂಚಯ್ಯ ಮಂತ್ರಿಯ ನಡುಬೆಂಕಿ ತೆಗೆಸಿ, ಮೊದಲು ಕುಂಬಾರಗೇರಿಯ ಪುಟ್ಟ ಒಲೆಗೆ ನೀರು ಚಿಮುಕಿಸಿದ. ಸಭೆಯ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಎಲ್ಲಕ್ಕಿಂತ ದೊಡ್ಡ ಒಲೆಯ ಹಸಿ ಸೌದೆಯನ್ನು ಒಂದೊಂದಾಗಿ ಹೊರಗೆಳೆದು ಆರಿಸಿದ. ಸ್ವಲ್ಪ ಹೊತ್ತಿಗೆ ಗಾಳಿ ತಿಳಿಯಾಯಿತು, ಝಳವೂ ಇಳಿಯಿತು. ದೊರೆಗೆ ಎದುರು ಗೋಡೆಯ ಮೇಲಿನ ತನ್ನ ತಾತನ ಚಿತ್ರ ಕಾಣಿಸಿತು.

“ಸಿಕ್ಕಿಬಿದ್ದ ಕಳ್ಳ. ಯಾರದಯ್ಯಾ ಆ ಒಲೆ?”

“ತಮ್ಮ ಬಚ್ಚಲಮನೆಯದು, ಸ್ವಾಮಿ. ಹುಣ್ಣಿಮೆಗೆ ಇನ್ನೂ ಹೊತ್ತಿದೆ, ನಿಧಾನವಾಗಿ ಗಂಟು ಕಟ್ಟಿಸಿ.”

ಇಬ್ಬರು ಮಂತ್ರಿಗಳೂ ನೆಲ ನೋಡತೊಡಗಿದರು. ದೊರೆಯ ಮುಖ ಮೊದಲು ಕೆಂಪಾಗಿ, ಆಮೇಲೆ ಸಪ್ಪಗಾಯಿತು.

“ಬೇರೆ ದಾರಿ ಇಲ್ಲವೇನೋ?” ಎಂದ ಮೆಲ್ಲಗೆ.

“ಇದೆ. ಒಣ ಸೌದೆ ಹಾಕಿಸಿ, ಶನಿವಾರ ಮಾತ್ರ ಹಚ್ಚಿಸಿ, ಹಂಡೆಗೆ ಮುಚ್ಚಳ ಹಾಕಿಸಿ. ಹೊಗೆ, ಸೆಕೆ ಎರಡೂ ಇಳಿಯುತ್ತೆ, ಬೊಕ್ಕಸದ ಬಾಗಿಲು ತೆರೆಯೋದೇ ಬೇಡ. ಒಂದೇ ಒಂದು ತೊಡಕು.”

“ಏನದು?”

“ಮುಚ್ಚಳ ಮಾಡೋ ಕುಂಬಾರರನ್ನ ತಾವೇ ಊರು ಬಿಡಿಸ್ತಾ ಇದ್ದೀರಿ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಕೆಮ್ಮು ಬರಲಿಲ್ಲ. ಕುಂಬಾರರ ಮೇಲಿನ ಅಪ್ಪಣೆ ಅಲ್ಲೇ ರದ್ದಾಯಿತು, ಕೆಂಚಯ್ಯನ ಹೆಗಲಿಗೆ ಶಾಲು ಬಿತ್ತು.

“ಅದು ಸರಿ,” ಎಂದ ದೊರೆ ಕಣ್ಣೊರೆಸಿಕೊಳ್ಳುತ್ತ, “ಈ ಇಬ್ಬರು ಮಂತ್ರಿಗಳನ್ನ ಏನು ಮಾಡಲಿ?”

“ಒಬ್ಬರು ಸೌದೆ ಒಣಗಿಸಲಿ, ಇನ್ನೊಬ್ಬರು ಮುಚ್ಚಳ ಮುಚ್ಚಲಿ, ಸ್ವಾಮಿ. ಹಾಗಾದರೂ ಇಬ್ಬರೂ ಒಂದೇ ಒಲೆಯ ಮುಂದೆ ಕೂರ್ತಾರೆ.”